ತಾಂಬೂಲದ ಚೀಲಕ್ಕೆ ಮನೆಯಲ್ಲೇ ಮಾಡಿದ ಸೋಪು

ದಾವಣಗೆರೆಯಲ್ಲಿ ಈಗ ಸೀಮಂತ, ಗೃಹಪ್ರವೇಶ ಏನೇ ಇರಲಿ, ತಾಂಬೂಲದ ಚೀಲದಲ್ಲಿ ತೆಂಗಿನಕಾಯಿ, ಬ್ಲೌಸ್ ಪೀಸ್ ಜೊತೆ ಒಂದು ಸಣ್ಣ ಗಿಫ್ಟೂ ಇರಬೇಕು. ಚಿಕ್ಕಮ್ಮನ ಮಗಳ ಸೀಮಂತಕ್ಕೆ ಆ ಗಿಫ್ಟ್ ಮಾಡಿಕೊಟ್ಟವಳು ನಾನು. ಕೆಳಗೆ ಕೆಂಪು, ಮಧ್ಯೆ ಹಳದಿ, ಮೇಲೆ ಗಾಜಿನಂತೆ ಕಾಣುವ ಪದರದಲ್ಲಿ ಒಂದು ಪುಟ್ಟ ವೀಳ್ಯದೆಲೆ. ಹೇಗೆ ಮಾಡಿದೆ ಅಂತ ಕೇಳಿದವರಿಗೆಲ್ಲ ಫೋನಲ್ಲಿ ಹೇಳಿ ಸಾಕಾಯ್ತು, ಅದಕ್ಕೇ ಬರೆಯುತ್ತಿದ್ದೇನೆ.

ಇದು ಕಾಸ್ಟಿಕ್ ಸೋಡಾ ಕಲಸಿ ಮಾಡುವ ಸೋಪಲ್ಲ. ಎಣ್ಣೆ ಮತ್ತು ಕಾಸ್ಟಿಕ್ ಸೇರಿ ಸೋಪಾಗುವ ಕೆಲಸ ಮೊದಲೇ ಮುಗಿದಿರುತ್ತದೆ, ನಮಗೆ ಸಿಗೋದು ರೆಡಿ ಬೇಸ್, ಅಂದರೆ ಕರಗಿಸೋಕೆ ಸಿದ್ಧವಾದ ಸೋಪಿನ ಗಟ್ಟಿ. ಅದರಲ್ಲಿ ಗ್ಲಿಸರಿನ್ ಜಾಸ್ತಿ ಇರುತ್ತದೆ. ಕರಗಿಸಿ ಅಚ್ಚಿಗೆ ಹೊಯ್ದರೆ ಮತ್ತೆ ಗಟ್ಟಿಯಾಗುತ್ತದೆ, ಅಷ್ಟೇ. ನಾನು ಎರಡು ಥರ ತರಿಸಿದ್ದೆ: ಪಾರದರ್ಶಕ ಗ್ಲಿಸರಿನ್ ಬೇಸ್, ಮತ್ತೆ ಬಿಳಿ ಬಣ್ಣದ ಮೇಕೆ ಹಾಲಿನ ಬೇಸ್.

ಸುಲಭ ಅನ್ನಿಸುತ್ತದೆ, ಹೌದು. ಆದರೆ ಚೆಂದ ಕಾಣೋದು ಬಿಡೋದು ಎಲ್ಲ ಶಾಖದ ಮೇಲೆ ನಿಂತಿದೆ. ಬಣ್ಣಕ್ಕೆ, ಅಚ್ಚಿಗೆ ಜನ ಸುಮ್ನೆ ದುಡ್ಡು ಸುರಿಯುತ್ತಾರೆ. ನನ್ನ ಕೇಳಿದರೆ ಮೊದಲು ಒಂದು ಅಡುಗೆ ಥರ್ಮಾಮೀಟರ್ ತಗೊಳ್ಳಿ.

ಬೇಸನ್ನು ಒಂದೇ ಸೈಜಿನ ತುಂಡು ಮಾಡಿ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಅದರೊಳಗೆ ಸ್ಟೀಲ್ ಪಾತ್ರೆ ಇಟ್ಟು, ಸಣ್ಣ ಉರಿಯಲ್ಲಿ ಕರಗಿಸಿ. ಮೇಲೆ ತಟ್ಟೆ ಮುಚ್ಚಿರಬೇಕು, ಇಲ್ಲದಿದ್ದರೆ ಬೇಸಿನಲ್ಲಿರುವ ನೀರು ಆವಿಯಾಗಿ ಹೋಗುತ್ತದೆ. 70 ಡಿಗ್ರಿ ದಾಟಲು ಬಿಡಬೇಡಿ. ಕುದಿಸಿದರೆ ಅಂಟಂಟಾಗಿ ಎಳೆ ಎಳೆ ಬರುತ್ತದೆ, ಪಾರದರ್ಶಕ ಬೇಸ್ ಮಬ್ಬಾಗುತ್ತದೆ, ವಾಸನೆಯೂ ಕೆಡುತ್ತದೆ. ಚಮಚ ನಿಧಾನಕ್ಕೆ ಆಡಿಸಿ, ಜೋರಾಗಿ ಕಲಸಿದರೆ ಗುಳ್ಳೆ. ಸುವಾಸನೆ ಹಾಕೋದು 55 ಡಿಗ್ರಿಗೆ ಇಳಿದ ಮೇಲೆ, ಅದಕ್ಕಿಂತ ಬಿಸಿ ಇದ್ದರೆ ಅರ್ಧ ಪರಿಮಳ ಅಡುಗೆಮನೆಗೇ ಹೋಗುತ್ತದೆ. ಕಿಲೋ ಬೇಸಿಗೆ 20 ಗ್ರಾಂ ಸಾಕು, ಬಾಟಲಿ ಮೇಲೆ ಅದಕ್ಕಿಂತ ಕಮ್ಮಿ ಹೇಳಿದ್ದರೆ ಅಷ್ಟೇ ಹಾಕಿ. ಚರ್ಮಕ್ಕೆ ಆಗುವಂಥದ್ದೇ ಇರಬೇಕು, ಅಗರಬತ್ತಿಗೆ ಹಾಕೋ ಸೆಂಟ್ ಖಂಡಿತ ಬೇಡ. ವೆನಿಲಾ ಇಷ್ಟ ಅನ್ನುವವರಿಗೆ ಒಂದು ಮಾತು: ಅದು ಬಿಳಿ ಸೋಪನ್ನು ದಿನ ಕಳೆದ ಹಾಗೆ ಕಂದು ಮಾಡುತ್ತದೆ.

ಈಗ ವೀಳ್ಯದೆಲೆ. ಬಿಳಿ ಬೇಸಿಗೆ ಹಸಿರು ಮೈಕಾ (ಮಿನುಗುವ ಬಣ್ಣದ ಪುಡಿ) ಸೇರಿಸಿ, ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿದೆ. ಗಟ್ಟಿಯಾದ ಮೇಲೆ ಚೂಪು ಚಾಕುವಿನಲ್ಲಿ ಹೆಬ್ಬೆರಳಿನ ಉಗುರಿಗಿಂತ ಚೂರು ದೊಡ್ಡದಾಗಿ ಎಲೆ ಕತ್ತರಿಸಿ, ಟೂತ್‌ಪಿಕ್‌ನಿಂದ ನಡುನರ, ಪಕ್ಕದ ನರಗಳನ್ನು ಗೀರಿದೆ. ಆ ಗೀರಿನೊಳಗೆ ಚಿನ್ನದ ಬಣ್ಣದ ಮೈಕಾವನ್ನು ಬೆರಳ ತುದಿಯಲ್ಲಿ ತಿಕ್ಕಿ, ಮೇಲೆ ಉಳಿದದ್ದನ್ನು ಬಟ್ಟೆಯಲ್ಲಿ ಒರೆಸಿದರೆ ನರ ಮಾತ್ರ ಹೊಳೆಯುತ್ತದೆ. ಸಿಲಿಕಾನ್ ಅಚ್ಚಿನ ತಳವೇ ಸೋಪಿನ ಮುಖ ಅಲ್ವಾ, ಹಾಗಾಗಿ ಎಲ್ಲವೂ ತಲೆಕೆಳಗು. ಮೊದಲು ತಳಕ್ಕೆ ತೆಳ್ಳಗೆ ಪಾರದರ್ಶಕ ಬೇಸ್, ಅದು ಹಿಡಿದುಕೊಳ್ಳುವಾಗ ಎಲೆಯನ್ನು ಮುಖ ಕೆಳಗೆ ಮಾಡಿ ಇಟ್ಟು, ಮೇಲೆ ಮತ್ತೆ ಪಾರದರ್ಶಕ. ಇದನ್ನು ಸುಮಾರು 50 ಡಿಗ್ರಿಯಲ್ಲಿ ಹೊಯ್ಯಬೇಕು. ಜಾಸ್ತಿ ಬಿಸಿ ಇದ್ದರೆ ಎಲೆಯೇ ಕರಗಿ ಹಸಿರು ಕಲೆ ಉಳಿಯುತ್ತದೆ.

ಹಳದಿ, ಕೆಂಪು ಪದರಕ್ಕೂ ಇದೇ ಲೆಕ್ಕ. ಕೆಳಗಿನ ಪದರದ ಮೇಲೆ ಹಾಲಿನ ಕೆನೆಯಂತೆ ಪೊರೆ ಕಟ್ಟಿರಬೇಕು, ಬೆರಳಿಟ್ಟರೆ ಇನ್ನೂ ಬಿಸಿ ತಾಗಬೇಕು. ಐಸೊಪ್ರೊಪೈಲ್ ಆಲ್ಕೋಹಾಲ್ ಸ್ಪ್ರೇ ಮಾಡಿ ತಕ್ಷಣ ಮುಂದಿನದು ಹೊಯ್ಯಿರಿ. ಗುಳ್ಳೆಯೂ ಒಡೆಯುತ್ತದೆ, ಪದರವೂ ಅಂಟಿಕೊಳ್ಳುತ್ತದೆ. ಈ ಆಲ್ಕೋಹಾಲಿಗೆ ಬೇಗ ಬೆಂಕಿ ಹತ್ತುತ್ತದೆ, ಸ್ಟವ್ ಆರಿಸಿದ ಮೇಲೇ ಬಾಟಲಿ ಮುಟ್ಟಿ. ಪೂರ್ತಿ ತಣ್ಣಗಾದ ಮೇಲೆ ಹೊಯ್ದರೆ ಸ್ನಾನ ಮಾಡುವಾಗ ಎರಡು ಪದರ ಬೇರೆ ಬೇರೆಯಾಗಿ ಕೈಗೆ ಬರುತ್ತವೆ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಪೊರೆ ಕಟ್ಟೋಕೆ ತುಂಬಾ ಹೊತ್ತು ಬೇಕು, ಡಿಸೆಂಬರ್ ಸಂಜೆಯಲ್ಲಿ ಆ ಕಡೆ ಈ ಕಡೆ ನೋಡುವಷ್ಟರಲ್ಲಿ ಕಟ್ಟಿರುತ್ತದೆ, ಅದಕ್ಕೆ ನಿಮಿಷ ಹೇಳಿದರೆ ಪ್ರಯೋಜನವಿಲ್ಲ, ಬೆರಳಿಗೇ ಗೊತ್ತಾಗಬೇಕು.

"ಹಳದಿಗೆ ಅರಿಶಿನವೇ ಹಾಕಬಹುದಿತ್ತಲ್ಲಮ್ಮ" ಅಂದರು ಅತ್ತೆ. ಹಾಕಬಹುದು, ಆದರೆ ಪುಡಿ ತಳಕ್ಕೆ ಕೂರುತ್ತದೆ, ಬೆಳಕಿಗೆ ಬಣ್ಣ ಮಾಸುತ್ತದೆ, ಬಿಳಿ ಟವೆಲ್ಲಿಗೆ ಕಲೆ ಬೇರೆ. ಕುಂಕುಮದ ಯೋಚನೆಯಂತೂ ಬೇಡವೇ ಬೇಡ. ಲಿಕ್ವಿಡ್ ಬಣ್ಣ ಹಾಕಿದರೆ ಕೆಂಪು ನಿಧಾನಕ್ಕೆ ಹಳದಿಗೆ ಹರಿದು ಗೆರೆ ಅಳಿಸಿಹೋಗುತ್ತದೆ. ಮೈಕಾ ಹಾಗೆ ಹರಿಯೋದಿಲ್ಲ. ಅದನ್ನು ಸ್ವಲ್ಪ ಆಲ್ಕೋಹಾಲಿನಲ್ಲಿ ಕಲಸಿಕೊಂಡು ಹಾಕಿದರೆ ಗಂಟು ಕಟ್ಟಲ್ಲ. ಗುಲಾಬಿ ಎಸಳು ಹಾಕಿದ ಸೋಪು ಫೋಟೋದಲ್ಲಿ ಎಷ್ಟು ಚೆಂದ! ಒಳಗಿನ ಎಸಳು ಕೆಲವೇ ದಿನದಲ್ಲಿ ಕಂದಾಗುತ್ತದೆ, ನಾನು ಅದರ ತಂಟೆಗೆ ಹೋಗಲ್ಲ.

ಬೇಗ ಆಗಲಿ ಅಂತ ಫ್ರಿಜ್ಜಿಗೆ ಇಡಬೇಡಿ, ಹೊರಗೆ ತೆಗೆದ ಕೂಡಲೇ ಮೈಯೆಲ್ಲ ನೀರು. ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಹಾಗೇ ಬಿಟ್ಟರೂ ಸೋಪು ಬೆವರುತ್ತದೆ. ಅಚ್ಚಿನಿಂದ ತೆಗೆದ ದಿನವೇ ಕ್ಲಿಂಗ್ ಫಿಲ್ಮ್ (ಅಂಟಿಕೊಳ್ಳುವ ತೆಳು ಪ್ಲಾಸ್ಟಿಕ್ ಹಾಳೆ) ಬಿಗಿಯಾಗಿ ಸುತ್ತಬೇಕು. ಅದರ ಮೇಲೆ "ಸೋಪು" ಅಂತ ದೊಡ್ಡದಾಗಿ ಬರೆದ ಚೀಟಿಯನ್ನೂ ಅಂಟಿಸಿ. ತಾಂಬೂಲದ ಚೀಲ ಬಿಚ್ಚಿದ ದೊಡ್ಡಮ್ಮ "ಏನವಾ, ಇದು ಬರ್ಫಿನಾ?" ಅಂತ ಕೇಳಿದ್ದು ತಮಾಷೆ ಅನ್ನಿಸಿದರೂ, ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ತಮಾಷೆಯಲ್ಲ.

ಮಾರಿದರೆ ಹೇಗೆ ಅಂತ ಕೆಲವರು ಕೇಳಿದರು. ಮಾರೋಕೆ ತಯಾರಿಸುವುದಾದರೆ 2020ರ ಕಾಸ್ಮೆಟಿಕ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್ ಬೇಕು. ನನಗೆ ಅಷ್ಟು ಪುರುಸೊತ್ತಿಲ್ಲ.

ಕತ್ತರಿಸಿ ಉಳಿದ ಚೂರುಗಳನ್ನು ಬಿಸಾಡಬೇಡಿ. ಎಲ್ಲ ಸೇರಿಸಿ ಕರಗಿಸಿದರೆ ಕೆಸರಿನ ಬಣ್ಣ ಬರುತ್ತದೆ. ಅದರ ಬದಲು ಅಚ್ಚಿನಲ್ಲಿ ಚೂರು ಹರಡಿ, ಮೇಲೆ ಅದೇ 50 ಡಿಗ್ರಿಯ ಪಾರದರ್ಶಕ ಬೇಸ್ ಹೊಯ್ಯಿರಿ. ಚಿತ್ರದುರ್ಗದ ನಾದಿನಿ ಅಂಥದ್ದನ್ನೇ ಕೇಳಿ ತಗೊಂಡು ಹೋದಳು, ವೀಳ್ಯದೆಲೆಯದ್ದು ಅಲ್ಲ.