ಸೈಕಲ್ ಚಡ್ಡಿಯನ್ನು ಹಿಂಡಬಾರದು

ಭಾನುವಾರ ನಸುಕಿನಲ್ಲೆದ್ದು ಬೆಂಗಳೂರಿನಿಂದ ನಂದಿಬೆಟ್ಟದವರೆಗೆ ಸೈಕಲ್ ತುಳಿದು ಬರುವ ಹುಡುಗ ಹುಡುಗಿಯರಿಗೆ ಚೈನಿಗೆ ಯಾವ ಎಣ್ಣೆ ಬಿಡಬೇಕು, ಟೈರಿಗೆ ಎಷ್ಟು ಗಾಳಿ ಇರಬೇಕು ಎಂಬುದೆಲ್ಲ ಬಾಯಿಪಾಠವಾಗಿರುತ್ತದೆ. ಆದರೆ ಸಾವಿರಾರು ರೂಪಾಯಿ ಕೊಟ್ಟು ಕೊಂಡ ಬಿಬ್ ಶಾರ್ಟ್ಸನ್ನು, ಎಂದರೆ ಭುಜಕ್ಕೆ ಪಟ್ಟಿ, ಕೂರುವಲ್ಲಿ ಸ್ಪಂಜಿನ ಪ್ಯಾಡು ಇರುವ ಬಿಗಿಯಾದ ಸೈಕಲ್ ಚಡ್ಡಿಯನ್ನು, ಮನೆಗೆ ಬಂದ ಕೂಡಲೇ ಬಚ್ಚಲಿನ ಮೂಲೆಗೆ ಎಸೆದು, ಮರುದಿನವೋ ಅದರ ಮರುದಿನವೋ ಜೀನ್ಸು, ಬೆಡ್‌ಶೀಟುಗಳ ಜೊತೆಗೆ, ಕೆಲವರಂತೂ ಅಡುಗೆಮನೆಯ ಮಸಿಬಟ್ಟೆಯ ಜೊತೆಗೇ, ವಾಷಿಂಗ್ ಮೆಷಿನ್ನಿಗೆ ತುರುಕುತ್ತಾರೆ. ಆರು ತಿಂಗಳಾಗುವಷ್ಟರಲ್ಲಿ ತೊಡೆಯ ಪಟ್ಟಿ ಸಡಿಲವಾಯಿತು, ಒಳಗಿನ ಪ್ಯಾಡು ಗಂಟುಕಟ್ಟಿತು ಎಂದು ಕಂಪನಿಯವರನ್ನು ಬೈಯುತ್ತಾರೆ. ನಮ್ಮ ಮನೆಯಲ್ಲಿಯೂ ಇಂಥವರು ಇಬ್ಬರಿದ್ದಾರೆ. ಒಬ್ಬ ಮೊಮ್ಮಗ, ಇನ್ನೊಬ್ಬಳು ಈ ವಿಷಯದಲ್ಲಿ ಅವನಿಗಿಂತ ಒಂದು ಕೈ ಮೇಲಾದ ನನ್ನ ಸೊಸೆ. ಹೇಳಿ ಹೇಳಿ ಬಾಯಿ ನೋವು ಬಂದದ್ದರಿಂದ ಈಗ ಬರೆದೇ ಇಡುತ್ತಿದ್ದೇನೆ.

ನಾನು ಬೆಳೆದದ್ದು ವಿಜಯಪುರದಲ್ಲಿ; ಆಗ ಅದು ಬಿಜಾಪುರ. ಆ ಸೀಮೆಯವರಿಗೆ ಸೈಕಲ್ ಪಂದ್ಯದ ಹುಚ್ಚು ಇಂದಿಗೂ ಇದೆ. ನಮ್ಮ ಅಣ್ಣ ಹತ್ತಿಯ ಬನಿಯನ್ನು, ಖಾಕಿ ಚಡ್ಡಿ ತೊಟ್ಟು ಜಾತ್ರೆಯ ಪಂದ್ಯಕ್ಕೆ ಹೋಗುತ್ತಿದ್ದ. ಅವನು ಧೂಳು ಮೆತ್ತಿಕೊಂಡು ಬಂದರೆ ನಮ್ಮವ್ವ ಆ ಬಟ್ಟೆಗಳನ್ನು ಸೋಡಾ ಬೆರೆಸಿದ ಬಿಸಿನೀರಿನಲ್ಲಿ ನೆನೆಹಾಕಿ, ಕಲ್ಲಿಗೆ ಬಡಿದು, ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟು ತಿರುಚಿ ಹಿಂಡಿ, ಸುಡುಬಿಸಿಲಿಗೆ ಹರವುತ್ತಿದ್ದಳು. ಹತ್ತಿ ಅದನ್ನೆಲ್ಲ ತಾಳಿಕೊಳ್ಳುತ್ತಿತ್ತು. ಆದರೆ ಈಗಿನ ಸೈಕಲ್ ಬಟ್ಟೆ ಹತ್ತಿಯದಲ್ಲ. ಅದು ನೈಲಾನ್ ಇಲ್ಲವೇ ಪಾಲಿಯೆಸ್ಟರ್ ನೂಲಿನ ಜೊತೆಗೆ ಎಲಾಸ್ಟೇನ್ ಎಂಬ ಹಿಗ್ಗುವ ಎಳೆಯನ್ನು ಸೇರಿಸಿ ಹೆಣೆದದ್ದು. ನಾವೆಲ್ಲ ಲೈಕ್ರಾ ಎಂದು ಕರೆಯುವುದು ಇದನ್ನೇ. 1958ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ಜೋಸೆಫ್ ಶಿವರ್ಸ್ ಇದನ್ನು ರೂಪಿಸಿದ್ದು ಸೈಕಲ್ ಸವಾರರಿಗಾಗಿ ಅಲ್ಲ, ಹೆಂಗಸರು ಸೊಂಟಕ್ಕೆ ಬಿಗಿಯುತ್ತಿದ್ದ ಒಳಉಡುಪಿನ ರಬ್ಬರಿಗೆ ಬದಲಾಗಿ. ತನ್ನ ಉದ್ದದ ಐದಾರು ಪಟ್ಟು ಹಿಗ್ಗಿ ಮತ್ತೆ ಮೊದಲಿನ ಅಳತೆಗೆ ಮರಳುವ ಈ ಎಳೆ ಕಾವು, ಬ್ಲೀಚು ಮತ್ತು ಕಡುಬಿಸಿಲನ್ನು ಮಾತ್ರ ಸಹಿಸುವುದಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳಾದ್ದರಿಂದ ಕಾರಣ ಹೇಳದೆ ವಿಧಾನ ಹೇಳುವುದು ನನ್ನಿಂದಾಗದು.

   

ಸವಾರಿಯಿಂದ ಬಂದವರು ಮೊಬೈಲಿನಲ್ಲಿ ಎಷ್ಟು ಕಿಲೋಮೀಟರ್ ಆಯಿತೆಂದು ನೋಡುತ್ತ ಕೂರುವ ಮೊದಲು ಬಟ್ಟೆಯನ್ನು ಬಿಚ್ಚಿ ತಣ್ಣೀರಿನಲ್ಲಿ ಜಾಲಿಸಬೇಕು. ಬೆವರಿನ ಉಪ್ಪು ಮತ್ತು ಮೈಯ ಜಿಡ್ಡು ಒಣಗಿ ಕುಳಿತರೆ, ಅದರಲ್ಲಿಯೂ ಪಾಲಿಯೆಸ್ಟರ್ ಜರ್ಸಿಯಲ್ಲಿ, ಕಮಟು ವಾಸನೆ ಸುಲಭವಾಗಿ ಬಿಡುವುದಿಲ್ಲ. ಆಮೇಲೆ ಸುವಾಸನೆ ಬರಲೆಂದು ಫ್ಯಾಬ್ರಿಕ್ ಸಾಫ್ಟ್‌ನರ್ ಸುರಿಯುತ್ತಾರೆ. ಇದಕ್ಕಿಂತ ಅವಿವೇಕ ಇನ್ನೊಂದಿಲ್ಲ. ಸಾಫ್ಟ್‌ನರ್ ಎಳೆಗಳ ಮೇಲೆ ಮೇಣದಂಥ ಪದರವನ್ನು ಬಿಡುತ್ತದೆ, ಬಟ್ಟೆ ಬೆವರನ್ನು ಹೀರಿ ಹೊರಕ್ಕೆ ಸಾಗಿಸುವ ಗುಣವನ್ನೇ ಕಳೆದುಕೊಳ್ಳುತ್ತದೆ, ಹಳೆಯ ವಾಸನೆ ಆ ಪದರದಡಿಯಲ್ಲಿ ಹಾಗೆಯೇ ಉಳಿಯುತ್ತದೆ.

ಒಗೆಯುವ ಮೊದಲು ಜರ್ಸಿಯ ಬೆನ್ನಿನ ಜೇಬುಗಳಲ್ಲಿ ಚಿಕ್ಕಿಯ ಚೂರು, ಟೋಲಿನ ಹತ್ತಿರ ಟೀ ಕುಡಿದು ಉಳಿದ ಚಿಲ್ಲರೆ ಇವೆಯೇ ನೋಡಿ. ಜಿಪ್ಪನ್ನು ಪೂರ್ತಿ ಏರಿಸಿ, ಗ್ಲೌಸಿನ ವೆಲ್ಕ್ರೋ ಪಟ್ಟಿಯನ್ನು ಮುಚ್ಚಿ. ತೆರೆದ ವೆಲ್ಕ್ರೋ ಲೈಕ್ರಾದ ಮೇಲೆ ಒಮ್ಮೆ ಉಜ್ಜಿದರೆ ಸಾಕು, ಎಳೆ ಎದ್ದು ನಿಲ್ಲುತ್ತದೆ. ಎಲ್ಲವನ್ನೂ ಒಳಮೈ ಹೊರಗೆ ಮಾಡಿ, ಅರ್ಧ ಬಕೆಟ್ ತಣ್ಣೀರಿಗೆ ಅಂಗೈ ಗುಂಡಿಯಲ್ಲಿ ನಿಲ್ಲುವಷ್ಟು ದ್ರವ ಸೋಪು ಹಾಕಿ ಅದ್ದಿ. ಪುಡಿ ಬೇಡ, ಏಕೆಂದರೆ ಕರಗದ ಕಾಳುಗಳು ಪ್ಯಾಡಿನೊಳಗೆ ಸೇರಿಕೊಳ್ಳುತ್ತವೆ. ಬಾರ್ ಸೋಪನ್ನು ಉಜ್ಜುವುದೂ ಬೇಡ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಅದು ಬಿಳಿಯ ಗಸಿಯಾಗಿ ಬಟ್ಟೆಗೆ ಹತ್ತಿಕೊಳ್ಳುತ್ತದೆ. ಬ್ರಷ್ಷು ಬೇಡ, ಕಲ್ಲಂತೂ ಬೇಡವೇ ಬೇಡ. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ನೆಂದರೆ ಸಾಕಾಗುತ್ತದೆ, ರಾತ್ರಿಯಿಡೀ ನೆನೆಹಾಕಿದರೆ ನೀರೇ ನಾರುತ್ತದೆ. ಪ್ಯಾಡಿನ ಭಾಗವನ್ನು ಮಾತ್ರ ನಲ್ಲಿಯ ಕೆಳಗೆ ಹಿಡಿದು, ಅಂಗೈಯಿಂದ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಹೊರಬರುವ ನೀರಿನಲ್ಲಿ ನೊರೆ ಕಾಣದವರೆಗೂ ಜಾಲಿಸಬೇಕು. ಮೆಷಿನ್ನಿಗೇ ಹಾಕುವ ಸೋಮಾರಿಗಳು ಬಲೆಚೀಲದಲ್ಲಿಟ್ಟು, ನಾಜೂಕು ಬಟ್ಟೆಯ ಸೆಟ್ಟಿಂಗಿನಲ್ಲಿ, 30 ಡಿಗ್ರಿಗಿಂತ ಬಿಸಿಯಿಲ್ಲದ ನೀರಿನಲ್ಲಿ ಹಾಕಿಕೊಳ್ಳಲಿ. ಡ್ರೈಯರ್ ಮಾತ್ರ ಮುಟ್ಟಬಾರದು.

ಚೈನಿನ ಗ್ರೀಸು ತಾಗಿದ್ದರೆ ನೀರು ಸೋಕಿಸುವ ಮುನ್ನವೇ ಪಾತ್ರೆ ತೊಳೆಯುವ ದ್ರವವನ್ನು ಒಂದು ಹನಿ ಬಿಟ್ಟು, ಕಲೆಯ ಅಂಚಿನಿಂದ ನಡುವಿನ ಕಡೆಗೆ ಬೆರಳ ತುದಿಯಲ್ಲಿ ತಿಕ್ಕಿ. ನಮ್ಮ ಅಣ್ಣ ಸೀಮೆಎಣ್ಣೆ ಹಚ್ಚುತ್ತಿದ್ದ. ಈ ಬಟ್ಟೆಗೆ ಆ ಪ್ರಯೋಗ ಬೇಡ.

ಇನ್ನು ಮುಖ್ಯವಾದ ಕೆಲಸ, ನೀರು ತೆಗೆಯುವುದು. ಬಹುತೇಕ ಚಡ್ಡಿಗಳು ಹಾಳಾಗುವುದು ರಸ್ತೆಯಲ್ಲಲ್ಲ, ಹಿಂಡುವವರ ಕೈಯಲ್ಲಿ. ತಿರುಚಿದರೆ ಹಿಗ್ಗುವ ಎಳೆ ತುಂಡಾಗುತ್ತದೆ, ಪ್ಯಾಡಿನ ಸ್ಪಂಜಿನ ಪದರಗಳು ಒಂದರಿಂದೊಂದು ಬಿಟ್ಟುಕೊಳ್ಳುತ್ತವೆ. ಹಿಂಡದೆ ಹಾಗೆಯೇ ತೂಗುಹಾಕಿದರೆ ನೀರಿನ ಭಾರಕ್ಕೆ ಭುಜದ ಪಟ್ಟಿ ಜಗ್ಗುತ್ತದೆ. ಆದ್ದರಿಂದ ನಾನು ಹೇಳುವಂತೆ ಮಾಡಿ. ಒಂದು ದಪ್ಪನೆಯ ಟರ್ಕಿ ಟವೆಲ್ ತೆಗೆದುಕೊಳ್ಳಿ. ಹೊಸದು ಬೇಡ, ಅದು ನೀರು ಕುಡಿಯುವುದಿಲ್ಲ, ಮೇಲಾಗಿ ಜುಂಗು ಬಿಡುತ್ತದೆ. ಒಗೆದೊಗೆದು ಬಣ್ಣ ಹೋದ ಟವೆಲ್ಲೇ ಉತ್ತಮ. ಅದನ್ನು ಮಂಚದ ಮೇಲಲ್ಲ, ಗಟ್ಟಿ ನೆಲದ ಮೇಲೆ ಹಾಸಿ. ಚಡ್ಡಿಯನ್ನು ಒಳಮೈ ಹೊರಗಾಗಿಯೇ, ಪ್ಯಾಡು ಮೇಲ್ಮುಖವಾಗಿ ಬರುವಂತೆ ಮಲಗಿಸಿ, ಸುಕ್ಕುಗಳನ್ನು ಅಂಗೈಯಿಂದ ನೀವಿ, ಭುಜದ ಪಟ್ಟಿಗಳನ್ನು ಒಳಕ್ಕೆ ಮಡಚಿ. ಪ್ಯಾಡಿನ ನಡುವೆ ಒಂದು ಕಾಲುವೆ ಇರುತ್ತದಲ್ಲ, ಅಲ್ಲಿಯೇ ನೀರು ನಿಲ್ಲುವುದು. ಹಳೆಯ ಪಂಚೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲಿಡಿ. ಈಗ ಕಾಲಿನ ತುದಿಯಿಂದ ಸೊಂಟದ ಕಡೆಗೆ, ಚಾಪೆ ಸುತ್ತಿದಂತೆ, ಟವೆಲ್ ಸಮೇತ ನಿಧಾನವಾಗಿ ಸುತ್ತುತ್ತ ಬನ್ನಿ. ಸುರುಳಿಯನ್ನು ಮೊದಲು ಅಂಗೈಗಳಿಂದ, ಆಮೇಲೆ ಮಂಡಿಯೂರಿ ಮೈಭಾರವನ್ನೆಲ್ಲ ಬಿಟ್ಟು ಉದ್ದಕ್ಕೂ ಒತ್ತಿ. ನನ್ನ ಮಂಡಿಗೆ ಈಗ ಆಗದು, ಮೊಮ್ಮಗನನ್ನೇ ಕೂರಿಸುತ್ತೇನೆ. ಒತ್ತಬೇಕೇ ಹೊರತು ಹೊರಳಿಸಬಾರದು, ತಿರುಚಬಾರದು. ಬಿಚ್ಚಿ ನೋಡಿದರೆ ಟವೆಲ್ಲಿನ ಮೇಲೆ ಪ್ಯಾಡಿನ ಆಕಾರದ ಒದ್ದೆ ಗುರುತು ಮೂಡಿರುತ್ತದೆ. ಒಣಗಿದ ತುದಿಗೆ ಚಡ್ಡಿಯನ್ನು ಸರಿಸಿ ಇನ್ನೊಮ್ಮೆ ಸುತ್ತಿ ಒತ್ತಿ. ಗುರುತು ಮಸುಕಾಗುವವರೆಗೂ ಬಿಡಬೇಡಿ. ಇಷ್ಟೆಲ್ಲ ಯಾರಿಗೆ ಪುರುಸೊತ್ತು ಎಂದು ಮೊಮ್ಮಗ ಗೊಣಗುತ್ತಾನೆ. ನಂದಿಬೆಟ್ಟ ಹತ್ತುವುದಕ್ಕೆ ಇದ್ದ ಪುರುಸೊತ್ತು ಇದಕ್ಕೆ ಏಕಿಲ್ಲ?

ಒಣಹಾಕಲು ತೆಳ್ಳನೆಯ ತಂತಿ ಬೇಡ, ದಪ್ಪ ಗಳುವಿನ ಮೇಲೆ ಸೊಂಟದ ಭಾಗವನ್ನು ಮಡಚಿ ಹಾಕಿ, ಪ್ಯಾಡು ಗಾಳಿಗೆ ಮುಖ ಮಾಡಿರಲಿ. ಜಾಗ ನೆರಳಿನದಾಗಿರಬೇಕು, ಆಷಾಢದ ಜಿಟಿಜಿಟಿ ಮಳೆಯಲ್ಲಾದರೆ ಫ್ಯಾನಿನ ಕೆಳಗೆ. ಜರ್ಸಿಯನ್ನೂ ಭುಜಕ್ಕೆ ಕ್ಲಿಪ್ಪು ಹಾಕಿ ನೇತುಹಾಕಬೇಡಿ, ಜೇಬುಗಳು ಜೋತುಬೀಳುತ್ತವೆ. ಮೇಲೆ ಮುಟ್ಟಿ ಒಣಗಿದೆ ಎಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಪ್ಯಾಡಿನ ಅತಿ ದಪ್ಪ ಭಾಗವನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದು ಕೆನ್ನೆಗೆ ತಾಗಿಸಿ. ತಣ್ಣಗೆನಿಸಿದರೆ ಒಳಗೆ ಇನ್ನೂ ಪಸೆಯಿದೆ ಎಂದರ್ಥ. ಪಸೆ ಇರುವಾಗಲೇ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ, ತೊಟ್ಟು ಸವಾರಿ ಹೊರಟರೆ ತೊಡೆಸಂದಿಯಲ್ಲಿ ದದ್ದು, ಕುರು ಏಳುತ್ತವೆ. ಒಳಉಡುಪಿಲ್ಲದೆ ಮೈಗೇ ತಾಗುವಂತೆ ತೊಡುವ ಬಟ್ಟೆ ಇದು. ಒಂದು ಸವಾರಿಗೆ ತೊಟ್ಟದ್ದನ್ನು ಒಗೆಯದೆ ಇನ್ನೊಂದಕ್ಕೆ ತೊಡುವವರಿಗೆ ನಾನು ಏನೂ ಹೇಳುವುದಿಲ್ಲ.

ಇಸ್ತ್ರಿಯ ಅಗತ್ಯವೇ ಇಲ್ಲ. ತೊಡೆಯ ಪಟ್ಟಿಯ ಒಳಗಿರುವ ಸಿಲಿಕೋನ್ ಅಂಟು ಕಾವಿಗೆ ಕೆಡುತ್ತದೆ. ಇಷ್ಟು ನೋಡಿಕೊಂಡರೂ ಚಡ್ಡಿ ಎಂದಾದರೊಂದು ದಿನ ಸವೆಯುತ್ತದೆ. ಹಿಂಭಾಗವನ್ನು ಬೆಳಕಿಗೆ ಹಿಡಿದು ಹಿಗ್ಗಿಸಿದಾಗ ಬೆರಳು ಕಂಡರೆ, ಬಿಳಿಯ ಕೂದಲಿನಂಥ ಎಳೆಗಳು ಹೊರಕ್ಕೆ ಇಣುಕಿದರೆ, ಅದನ್ನು ತೊಟ್ಟು ರಸ್ತೆಗಿಳಿಯಬೇಡಿ. ನಿಮ್ಮ ಹಿಂದೆ ಬರುವವರ ಪಾಡನ್ನೂ ಯೋಚಿಸಿ. ಮಸಿಬಟ್ಟೆಗಾದರೂ ಆದೀತೇ ಎಂದರೆ ಅದಕ್ಕೂ ಬಾರದು, ಲೈಕ್ರಾ ಹತ್ತಿಯಂತೆ ನೀರು ಕುಡಿಯುವುದಿಲ್ಲ. ಚೈನು ಒರೆಸುವುದಕ್ಕೆ ಹಳೆಯ ಬನಿಯನ್ನೇ ಲೇಸು. ಅದನ್ನು ನನ್ನ ಅಡುಗೆಮನೆಯ ಡಬ್ಬಿಯಿಂದ ಕೇಳದೆ ಒಯ್ಯಬಾರದು.