ಫೋನಿನಲ್ಲೇ ಒಂದು ಪದವನ್ನು ಕಡತದುದ್ದಕ್ಕೂ ಬದಲಿಸುವುದು

ತೋಟದ ಲೆಕ್ಕದ ಕಡತದಲ್ಲಿ ‘ರೋಬಸ್ಟ’ ಎಂದಿರುವುದನ್ನೆಲ್ಲ ‘ರೊಬಸ್ಟಾ’ ಎಂದು ತಿದ್ದಬೇಕಾದವರು, ಗೂಗಲ್ ಡಾಕ್ಸ್ ಆ್ಯಪ್‌ನ ಮೂರು ಚುಕ್ಕಿಗಳ ಮೆನುವಿನಲ್ಲಿ ‘ಫೈಂಡ್ ಆ್ಯಂಡ್ ರಿಪ್ಲೇಸ್’ ತೆರೆದು, ಹುಡುಕುವ ಪದವನ್ನು ಟೈಪ್ ಮಾಡದೆ ಕಡತದಿಂದಲೇ ಕಾಪಿ ಮಾಡಿ ಅಂಟಿಸಿ, ‘ರಿಪ್ಲೇಸ್ ಆಲ್’ ಒತ್ತಿದರೆ ಒಂದೇ ಏಟಿಗೆ ಕೆಲಸ ಮುಗಿಯುತ್ತದೆ. ಅಕ್ಷರಗಳನ್ನು ಸಂಕೇತಗಳಾಗಿ ಉಳಿಸುವ ಯುನಿಕೋಡ್ ಪದ್ಧತಿಯಲ್ಲಿ ‘ರೋ’ದಂಥ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬಿಡಿ ತುಂಡುಗಳಾಗಿಯೂ ಉಳಿಸಬಹುದಾದ್ದರಿಂದ, ಕಣ್ಣಿಗೆ ಒಂದೇ ಆಗಿ ಕಂಡರೂ ಟೈಪ್ ಮಾಡಿದ ಪದ ಕೆಲವೊಮ್ಮೆ ಹುಡುಕಾಟಕ್ಕೆ ಸಿಗುವುದಿಲ್ಲ. ಚಿಕ್ಕ ಪದಗಳಿಗೆ ಮಾತ್ರ ಈ ಉಪಾಯ ಅಪಾಯಕಾರಿ: ‘ಮರ’ವನ್ನು ‘ಗಿಡ’ ಮಾಡಹೊರಟರೆ ಮರಗೋಡು ಗಿಡಗೋಡಾಗುತ್ತದೆ (ಆ ಊರಿನವರು ಸುಮ್ಮನಿರಲಾರರು). ಅಂಥಲ್ಲಿ ‘ರಿಪ್ಲೇಸ್ ಆಲ್’ ಬಿಟ್ಟು ‘ರಿಪ್ಲೇಸ್’ ಒತ್ತುತ್ತಾ ಒಂದೊಂದನ್ನೇ ನೋಡಿ ಬದಲಿಸುವುದು ಕ್ಷೇಮ. ತಪ್ಪಿದರೆ ಕಡತ ಮುಚ್ಚುವ ಮೊದಲೇ ‘ಅನ್‌ಡೂ’ ಒತ್ತಬೇಕು.