ಅಡಿಕೆ ತೋಟದ ಸಾಮಾನು ಶೆಡ್ಡಿಗೆ ಅಳತೆ ಹಿಡಿಯುವ ಬಗೆ

ಮಲೆನಾಡಿನಲ್ಲಿ ತೋಟಕ್ಕೊಂದು ಶೆಡ್ಡು ಕಟ್ಟಿಸಲು ಹೊರಟವರು ಸಾಮಾನ್ಯವಾಗಿ ಕೈಯಲ್ಲಿರುವ ಹಣ ಮತ್ತು ಸಮತಟ್ಟಾಗಿ ಸಿಗುವ ಜಾಗ, ಇವೆರಡನ್ನೇ ನೋಡಿ ಅಳತೆ ಹೇಳಿಬಿಡುತ್ತಾರೆ. ನಾವೂ ಮೊದಲು ಹಾಗೆಯೇ 8 ಅಡಿಗೆ 8 ಅಡಿಯ ಕೊಠಡಿ ಕಟ್ಟಿಸಿ, ಎರಡನೆಯ ಮಳೆಗಾಲದ ಹೊತ್ತಿಗೆ ಅರ್ಧ ಸಾಮಾನನ್ನು ಮನೆಯ ಜಗಲಿಗೆ ತಂದಿಟ್ಟುಕೊಂಡೆವು. ಆ ಅನುಭವದಿಂದ ಹೇಳುವುದಾದರೆ, ಶೆಡ್ಡಿನ ಅಳತೆಯನ್ನು ತೀರ್ಮಾನಿಸಬೇಕಾದದ್ದು ಒಳಗೆ ಇಡುವ ವಸ್ತುಗಳಲ್ಲಿ ಅತಿ ಉದ್ದವಾದದ್ದು ಮತ್ತು ಅವುಗಳ ನಡುವೆ ಮನುಷ್ಯನೊಬ್ಬ ಕೈಗಾಡಿಯೊಂದಿಗೆ ತಿರುಗಲು ಬೇಕಾಗುವ ಜಾಗ.

ಮೊದಲು ಮಾಡಬೇಕಾದ ಕೆಲಸವೆಂದರೆ, ಬಿಸಿಲಿನ ದಿನವೊಂದರಲ್ಲಿ ತೋಟದ ಸಾಮಾನನ್ನೆಲ್ಲ ಅಂಗಳಕ್ಕೆ ತಂದು ಹರಡಿ, ಟೇಪು ಹಿಡಿದು ಅಳೆದು ಬರೆದಿಟ್ಟುಕೊಳ್ಳುವುದು. ಹಾರೆ, ಗುದ್ದಲಿ, ಪಿಕಾಸಿಗಳು ಗೋಡೆಗೆ ಒರಗುತ್ತವೆ. ಅವುಗಳ ಚಿಂತೆ ಬೇಡ. ಕಳೆ ಕೊಚ್ಚುವ ಯಂತ್ರ ಸುಮಾರು 6 ಅಡಿ ಉದ್ದವಿದ್ದು, ಗೋಡೆಗೆ ತೂಗುಹಾಕಿದರೂ ಒಂದೂವರೆ ಅಡಿ ಮುಂದಕ್ಕೆ ಚಾಚಿಕೊಂಡಿರುತ್ತದೆ. ಬೋರ್ಡೋ ದ್ರಾವಣ (ಕೊಳೆರೋಗ ತಡೆಯಲು ಹೊಡೆಯುವ ಮೈಲುತುತ್ತ-ಸುಣ್ಣದ ಮಿಶ್ರಣ) ಕಲೆಸುವ 200 ಲೀಟರಿನ ಡ್ರಮ್ಮಿಗೆ ಎರಡಡಿ ಅಗಲದ ಜಾಗ ಬೇಕು. ಕೈಗಾಡಿ ಹಿಡಿಕೆಯೂ ಸೇರಿದರೆ ಸುಮಾರು 5 ಅಡಿ. ಪಿವಿಸಿ ಪೈಪು ಮಾತ್ರ 20 ಅಡಿ.

ಗೊಬ್ಬರದ ಲೆಕ್ಕವನ್ನು ಅಂದಾಜಿನಲ್ಲಿ ಬಿಡದೆ ಕೂಡಿ ನೋಡುವುದು ಒಳ್ಳೆಯದು. ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸನ್ನು ಹಿಡಿದು, 9 ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಮರಗಳೆಂದು ಇಟ್ಟುಕೊಂಡರೆ, ಯೂರಿಯಾ, ಶಿಲಾರಂಜಕ ಮತ್ತು ಪೊಟ್ಯಾಷ್ ಸೇರಿ ಎಕರೆಗೆ ಎಂಟು ಚೀಲದ ಆಸುಪಾಸಿನಲ್ಲಿ ಆಗುತ್ತದೆ. ಎರಡು ಕಂತಿನಲ್ಲಿ ಕೊಡುವವರ ಬಳಿ ಒಮ್ಮೆಗೆ ಐದಾರು ಚೀಲಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಮೂರು ಎಕರೆಯ ತೋಟಕ್ಕೆ ಹದಿನೆಂಟು ಚೀಲವೆಂದರೂ, ಒಂದರ ಮೇಲೊಂದು ಐದೈದರಂತೆ ಜೋಡಿಸಿದರೆ ನಾಲ್ಕು ಸಾಲು ಸಾಕು. ಆದರೆ ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗಿಸಬಾರದು. ಕೆಳಗೆ ಹಲಗೆ, ಹಿಂದೆ ಒಂದು ಗೇಣು ಬಿಡುವು ಇಲ್ಲದಿದ್ದರೆ ಆಷಾಢದ ಶೀತಕ್ಕೆ ಯೂರಿಯಾ ನೀರೊಡೆದು, ಚೀಲ ಬಿಚ್ಚಿದಾಗ ಕಲ್ಲಿನಂತೆ ಗಟ್ಟಿಯಾದ ಹೆಂಟೆ ಕೈಗೆ ಸಿಗುತ್ತದೆ. ಈ ಬಿಡುವನ್ನೂ ಸೇರಿಸಿದರೆ ಗೊಬ್ಬರದ ಬದಿಗೆ ಮೂರಡಿ ಹೋಯಿತು.

ಇನ್ನು ಅಗಲದ ಮಾತು. ಒಂದು ಗೋಡೆಗೆ ಚೀಲ ಮತ್ತು ಡ್ರಮ್ಮುಗಳಿಗಾಗಿ 3 ಅಡಿ, ಎದುರು ಗೋಡೆಗೆ ಸಲಕರಣೆಗಳಿಗಾಗಿ 2 ಅಡಿ ಬಿಟ್ಟರೆ, 8 ಅಡಿ ಅಗಲದ ಕೊಠಡಿಯಲ್ಲಿ ನಡುವೆ ಉಳಿಯುವುದು 3 ಅಡಿ ಮಾತ್ರ. ಅಷ್ಟರಲ್ಲಿ ಕೈಗಾಡಿ ಒಳಗೆ ಹೋಗುತ್ತದೆ, ತಿರುಗುವುದಿಲ್ಲ. ಪ್ರತಿ ಸಲವೂ ಹಿಂದಕ್ಕೆ ಎಳೆಯುತ್ತ ಬರಬೇಕು, ಹಿಡಿಕೆ ಬಾಗಿಲ ಚೌಕಟ್ಟಿಗೆ ಬಡಿದು ಬೆರಳಿನ ಗೆಣ್ಣು ತರಚುತ್ತದೆ. ಅದೇ ಅಗಲ 10 ಅಡಿಯಾದರೆ ನಡುವೆ 5 ಅಡಿ ಸಿಕ್ಕಿ ಗಾಡಿ ಸರಾಗವಾಗಿ ತಿರುಗುತ್ತದೆ. ಹಣ ಸಾಲದಿದ್ದರೆ ಉದ್ದವನ್ನು ಕಡಿಮೆ ಮಾಡಿ, ಅಗಲವನ್ನು ಮಾತ್ರ 10 ಅಡಿಗಿಂತ ಇಳಿಸಬೇಡಿ ಎಂಬುದು ನನ್ನ ಕಳಕಳಿಯ ಸಲಹೆ. ಬಾಗಿಲು 4 ಅಡಿ ಇರಲಿ, ಹೊರಕ್ಕೆ ತೆರೆಯುವಂತಿರಲಿ.

ಉದ್ದಕ್ಕೆ 14 ಅಡಿ ಎಂದು ನಾನು ಹೇಳುವುದಕ್ಕೆ ಕಾರಣ ಪೈಪು. ಪೈಪಿಗಾಗಿ 20 ಅಡಿ ಕೊಠಡಿ ಕಟ್ಟಿಸುವುದು ದಂಡ. ಅದು ಸೂರಿನಡಿ ಗೋಡೆಗೆ ಹೊಡೆದ ಗೂಟಗಳ ಮೇಲೆ ಇದ್ದರೆ ಸಾಕು. ಗೋಡೆಗಳೂ ಸೇರಿ 15 ಅಡಿಯಾಗುವ ಕೊಠಡಿಗೆ ಎರಡೂ ತುದಿಯಲ್ಲಿ 3 ಅಡಿ ಸೂರು ಚಾಚಿದರೆ ಮಾಡಿನ ಉದ್ದ 21 ಅಡಿಯಾಗಿ, ಪೈಪು, ಬಿದಿರಿನ ಏಣಿ, ಮಡಿಸಿದ ದೋಟಿ (ಅಡಿಕೆ ಕೊನೆ ಕೊಯ್ಯುವ ಉದ್ದ ಕೋಲು) ಎಲ್ಲವೂ ಮಳೆಯಿಂದ ಪಾರಾಗುತ್ತವೆ. ಗಾಳಿಮಳೆ ಬರುವ ನೈರುತ್ಯ ದಿಕ್ಕಿಗೆ ಮಾಡಿನ ತಗ್ಗು ಬದಿಯನ್ನು ಇಟ್ಟು, ಅಲ್ಲಿಯೂ 3 ಅಡಿ ಸೂರು ಬಿಡಬೇಕು. ಇಲ್ಲವಾದರೆ ಎರಚಲು ನೇರವಾಗಿ ಗೋಡೆಗೆ ಬಡಿಯುತ್ತದೆ. ಅಡಿಗೆ 3 ಅಂಗುಲ ಇಳಿಜಾರು ಕೊಟ್ಟರೆ, ಎತ್ತರದ ಬದಿಯ ಸೂರೂ ಸೇರಿ ಶೀಟು ಸುಮಾರು 16 ಅಡಿ ಬೇಕಾಗುತ್ತದೆ. ಬಣ್ಣದ ಶೀಟನ್ನು ಹೇಳಿದ ಅಳತೆಗೆ ಕತ್ತರಿಸಿ ಕೊಡುವುದರಿಂದ ತೊಂದರೆಯಿಲ್ಲ. ತಗ್ಗು ಬದಿಯ ಗೋಡೆ 8 ಅಡಿಯಿದ್ದರೆ ಎತ್ತರದ ಬದಿ ಹತ್ತೂವರೆ ಅಡಿಗೆ ಬರುತ್ತದೆ, ಅಲ್ಲಿ 7 ಅಡಿ ಮೇಲೆ ಅಟ್ಟ ಹಾಕಿ ಖಾಲಿ ಗೋಣಿಚೀಲ, ಬುಟ್ಟಿಗಳನ್ನು ಇಡಬಹುದು.

ಮೈಲುತುತ್ತವನ್ನು ಕಬ್ಬಿಣದ ಸಲಕರಣೆಗಳ ಹತ್ತಿರ ಇಡಬಾರದು. ಪುಡಿ ತಾಗಿ ತೇವವಾದರೆ ಕತ್ತಿಯ ಅಲಗನ್ನೇ ತಿನ್ನುತ್ತದೆ. ಅದಕ್ಕೆ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ, ಕೀಟನಾಶಕಗಳಿಗೆ ಬೀಗವಿರುವ ಕಪಾಟು, ಪೆಟ್ರೋಲಿನ ಕ್ಯಾನಿಗೆ ಗೊಬ್ಬರದಿಂದ ದೂರದ ಮೂಲೆ, ಇಷ್ಟನ್ನು 14 ಅಡಿಯೊಳಗೇ ಹೊಂದಿಸಬಹುದು.

ಅಳತೆ ನಿಶ್ಚಯವಾದ ಮೇಲೆ ಪಾಯ ತೋಡುವ ಮೊದಲು ಜಾಗದ ಮೇಲೆ ಸುಣ್ಣದ ಗೆರೆ ಎಳೆದು, ಬಾಗಿಲಿನ ಜಾಗಕ್ಕೆ ಎರಡು ಗೂಟ ನೆಟ್ಟು, ಚೀಲದ ಸಾಲಿಗೆ ಬದಲಾಗಿ ಕಲ್ಲುಗಳನ್ನಿಟ್ಟು, ತುಂಬಿದ ಕೈಗಾಡಿಯನ್ನು ಒಳಗೆ ತಂದು ತಿರುಗಿಸಿ ಹೊರಗೆ ಒಯ್ದು ನೋಡಿ. ಎಲ್ಲಿ ತಾಗಿತೋ ಅಲ್ಲಿ ಗೆರೆಯನ್ನು ಅರ್ಧ ಅಡಿ ಸರಿಸಿ. ಫೆಬ್ರವರಿಯಲ್ಲಿ ಈ ಕೆಲಸ ಮುಗಿದರೆ, ಮೊದಲ ಬೋರ್ಡೋ ಹೊಡೆಯುವ ಮೇ ಕೊನೆಯೊಳಗೆ ಮಾಡು ಮುಚ್ಚಿ, ಪಂಪು ಮತ್ತು ಡ್ರಮ್ಮುಗಳನ್ನು ಒಳಗಿಡಬಹುದು.